ಪರ್ಚೇಸ್‌ಗೆ ಸ್ವಂತ ವೆಬ್ ಆ್ಯಪ್ ಬರೆಸೋಣ ಅಂತಿದೀವಿ, ಎಲ್ಲಿಂದ ಶುರು ಮಾಡೋದು?

ಪ್ರಶ್ನೆ (ಪೀಣ್ಯ 2ನೇ ಹಂತದಿಂದ):
ಮೇಡಂ, ನಮಸ್ಕಾರ. ನಮ್ಮದು ಸಿಎನ್‌ಸಿ ಟರ್ನಿಂಗ್ (ಕಂಪ್ಯೂಟರ್ ಲೇತಿನಲ್ಲಿ ಲೋಹ ಕಡೆಯೋ ಕೆಲಸ) ಮಾಡೋ ಸಣ್ಣ ವರ್ಕ್‌ಶಾಪು, 35 ಜನ ಇದೀವಿ. ಪರ್ಚೇಸ್ ನಾನೊಬ್ಬನೇ ನೋಡ್ಕೊಳ್ಳೋದು. ತಿಂಗಳಿಗೆ ಸುಮಾರು 150 ಪಿಓ (ಪರ್ಚೇಸ್ ಆರ್ಡರ್), ಎಲ್ಲಾ ಎಕ್ಸೆಲ್‌ನಲ್ಲೇ. ಹೋದ ತಿಂಗಳು ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಹೋಯ್ತು. ವಾಟ್ಸಾಪಿಗೆ ಬಂದ ಫೋಟೋ ನೋಡಿ ಒಂದ್ಸಲ, ಕೊರಿಯರ್‌ನಲ್ಲಿ ಬಂದ ಒರಿಜಿನಲ್ ನೋಡಿ ಇನ್ನೊಂದ್ಸಲ. ದುಡ್ಡು ವಾಪಸ್ ಬಂತು ಬಿಡಿ, ಓನರ್ ಹತ್ರ ಉಗಿಸಿಕೊಂಡಿದ್ದು ನಾನು. ಅವರ ಅಕ್ಕನ ಮಗ ಈಗಷ್ಟೇ ಇಂಜಿನಿಯರಿಂಗ್ ಮುಗಿಸಿದಾನೆ, ಜಾಂಗೋ ಅನ್ನೋ ವೆಬ್ ಆ್ಯಪ್ ಕಟ್ಟೋ ಸಾಧನದಲ್ಲಿ ಬರೆದು ಕೊಡ್ತೀನಿ ಅಂತಾನೆ. ಬರೆಸೋದಾ, ರೆಡಿಮೇಡ್ ತಗೊಳ್ಳೋದಾ? ಸರ್ವರ್ ಆಫೀಸಲ್ಲೇ ಇಟ್ಕೊಬಹುದಾ?

ಉತ್ತರ (ಸಣ್ಣ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವವರು):
ಮೊದಲು ಇಆರ್‌ಪಿನೆಕ್ಸ್ಟ್ ಅನ್ನೋ ರೆಡಿಮೇಡ್ ಸಾಫ್ಟ್‌ವೇರ್ ಹಾಕಿ ನೋಡಿ. ಓಪನ್ ಸೋರ್ಸು, ಪರ್ಚೇಸ್ ಭಾಗ ಅದರಲ್ಲಿ ಪೂರ್ತಿ ಇದೆ. ಎರಡು ವಾರ ಬಳಸಿದ ಮೇಲೂ ಇದು ನಮಗೆ ಭಾರ ಅನ್ನಿಸಿದರೆ ಹುಡುಗನ ಕೈಲಿ ಬರೆಸಿ. ಬರೆಸೋದಾದರೆ ಅಕೌಂಟ್ಸ್ ಮುಟ್ಟಬೇಡಿ, ಅದು ಟ್ಯಾಲಿಯಲ್ಲೇ ಇರಲಿ. ನಿಮಗೆ ಬೇಕಿರೋದು ಆರ್ಡರ್, ಬಂದ ಮಾಲು, ಬಿಲ್ಲು, ಈ ಮೂರನ್ನು ಒಂದಕ್ಕೊಂದು ತಾಳೆ ಹಾಕೋ ಯಂತ್ರ, ಅಷ್ಟೇ.

ಹೊಸಬರೆಲ್ಲ ಎಡವೋದು ಒಂದೇ ಕಡೆ. ಪಿಓ ಟೇಬಲ್ಲಿನಲ್ಲಿ 'ಮಾಲು ಬಂತು' ಅಂತ ಒಂದು ಟಿಕ್ ಇಟ್ಟುಬಿಡ್ತಾರೆ. ನಿಮ್ಮಲ್ಲಿ ಆಗೋದೇನು? 100 ಬೇರಿಂಗ್ ಹೇಳಿರ್ತೀರಿ, 60 ಬರುತ್ತೆ, ಅದರಲ್ಲಿ 4 ರಿಜೆಕ್ಟು, ಬಿಲ್ಲು ಮಾತ್ರ 60ಕ್ಕೆ. ಉಳಿದ 40 ಮುಂದಿನ ವಾರ ಬೇರೆ ಡಿಸಿಯಲ್ಲಿ (ಡೆಲಿವರಿ ಚಲನ್). ಈ ಕಥೆ ಒಂದು ಟಿಕ್ಕಿನಲ್ಲಿ ಹಿಡಿಸಲ್ಲ. ಪಿಓ ಸಾಲು, ಜಿಆರ್‌ಎನ್ (ಮಾಲು ಬಂದಿದ್ದಕ್ಕೆ ಬರೆಯೋ ರಸೀದಿ) ಸಾಲು, ಬಿಲ್ಲಿನ ಸಾಲು ಮೂರೂ ಬೇರೆ ಬೇರೆ ಟೇಬಲ್ ಆಗಿರಲಿ, ಜಿಆರ್‌ಎನ್‌ನಲ್ಲಿ ಬಂದಿದ್ದೆಷ್ಟು, ಒಪ್ಪಿಕೊಂಡಿದ್ದೆಷ್ಟು ಅನ್ನೋ ಎರಡು ಅಂಕಿಯೂ ಇರಲಿ. ಪೇಮೆಂಟಿಗೆ ಹೋಗೋದು ಒಪ್ಪಿಕೊಂಡ 56ಕ್ಕೆ ಮಾತ್ರ.

ಎರಡು ಸಲ ದುಡ್ಡು ಹೋಗೋದಕ್ಕೆ ಮದ್ದು: ಸಪ್ಲೈಯರ್, ಹಣಕಾಸು ವರ್ಷ, ಬಿಲ್ ನಂಬರ್, ಈ ಮೂರೂ ಸೇರಿ ಒಂದೇ ಸಲ ಬರಬೇಕು ಅಂತ ಡೇಟಾಬೇಸಿನಲ್ಲೇ ಯೂನಿಕ್ ಕಟ್ಟು ಹಾಕಿಸಿ. ಸ್ಕ್ರೀನಿನಲ್ಲಿ ಎಚ್ಚರಿಕೆ ತೋರಿಸಿದರೆ ಸಾಲದು, ಓಕೆ ಒತ್ತಿ ಮುಂದೆ ಹೋಗ್ತಾರೆ. ನಂಬರ್ ಸೇವ್ ಮಾಡೋ ಮುಂಚೆ ಖಾಲಿ ಜಾಗ, ಮುಂದಿನ ಸೊನ್ನೆ ಎಲ್ಲಾ ತೆಗೆಸಿ. ಫೋಟೋ ನೋಡಿದವರು 147 ಅಂತ ಹೊಡೆದಿರ್ತಾರೆ, ಒರಿಜಿನಲ್ ನೋಡಿದವರು 0147 ಅಂತ. ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ ಬಿಲ್ಲು.

ಇನ್ನು ಕಬ್ಬಿಣ. ನೀವು 40 ಎಂಎಂ ರೌಂಡ್ ಬಾರ್ 6 ಮೀಟರಿನದು 10 ಬೇಕು ಅಂತೀರಿ, ಬಿಲ್ಲು ಬರೋದು ಕೆ.ಜಿ. ಲೆಕ್ಕದಲ್ಲಿ. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಅಂತ ಸಿಗೋದು ನಿಮಗೆ ಗೊತ್ತೇ ಇದೆ, ಹುಡುಗನಿಗೆ ಗೊತ್ತಿರಲ್ಲ. 1600 ಭಾಗಿಸು 162, ಮೀಟರಿಗೆ 9.88. ಹತ್ತು ಬಾರಿಗೆ ಸುಮಾರು 593 ಕೆ.ಜಿ. ತೂಕದ ಚೀಟಿಯಲ್ಲಿ 600 ಇದ್ದರೆ ಜಗಳ ಬೇಡ, 640 ಇದ್ದರೆ ಆ್ಯಪ್ ಬಿಲ್ಲನ್ನು ತಡೆದು ನಿಲ್ಲಿಸಬೇಕು. ಎಷ್ಟರವರೆಗೆ ಬಿಡಬೇಕು ಅಂತ ಓನರ್ ಹತ್ರ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಹಾಗೇ ದುಡ್ಡಿಗೆ, ತೂಕಕ್ಕೆ ಫ್ಲೋಟ್ ಫೀಲ್ಡ್ ಬೇಡ, ಅದು ದಶಾಂಶವನ್ನು ಅಂದಾಜಲ್ಲಿ ಇಡುತ್ತೆ, ಡೆಸಿಮಲ್ ಫೀಲ್ಡೇ ಆಗಬೇಕು.

ಸರ್ವರ್ ಆಫೀಸಲ್ಲಿ ಬೇಡವೇ ಬೇಡ. ಪೀಣ್ಯದ ಕರೆಂಟ್ ನಿಮಗೆ ನಾನು ಹೇಳಬೇಕಾ! ಮುಂಬೈ ಡೇಟಾ ಸೆಂಟರಿನಲ್ಲಿ ಒಂದು ಚಿಕ್ಕ ಮೆಷಿನ್, ಪೋಸ್ಟ್‌ಗ್ರೆಸ್ ಡೇಟಾಬೇಸು, ಸೈಟಿನ ಸುರಕ್ಷತೆಗೆ ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟು, ಸಾಕು. ಆನ್‌ಲೈನ್ ಬಿಡೋ ಮುಂಚೆ ಡಿಬಗ್ (ತಪ್ಪು ಹುಡುಕೋ ಸೆಟ್ಟಿಂಗ್) ಆಫ್ ಆಗಿದೆಯಾ ನೋಡಿಸಿ, ಇಲ್ಲದಿದ್ದರೆ ಒಂದು ಎರರ್ ಬಂದರೆ ನಿಮ್ಮ ಕೋಡೆಲ್ಲ ಪರದೆ ಮೇಲೆ. ಟೈಮ್ ಝೋನ್ ಕೂಡ: ಹೊಸ ಜಾಂಗೋ ಪ್ರಾಜೆಕ್ಟು ಯುಟಿಸಿ (ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿನ ಸಮಯ) ಇಟ್ಕೊಂಡೇ ಹುಟ್ಟುತ್ತೆ. ಮಾರ್ಚ್ 31ರ ನೈಟ್ ಶಿಫ್ಟಿನಲ್ಲಿ, ಏಪ್ರಿಲ್ 1ರ ಬೆಳಗ್ಗೆ 5.30ರ ಒಳಗೆ ಮಾಲು ಇಳಿದರೆ ಜಿಆರ್‌ಎನ್ ಹಳೇ ವರ್ಷಕ್ಕೆ ಹೋಗಿ ಕೂತಿರುತ್ತೆ.

ಬ್ಯಾಕಪ್ ವಿಷಯದಲ್ಲಿ ನಾನೇ ಪೆಟ್ಟು ತಿಂದಿದೀನಿ. ಒಬ್ಬ ಗಿರಾಕಿಗೆ ದಿನಾ ರಾತ್ರಿ ಬ್ಯಾಕಪ್ ಹೋಗೋ ಹಾಗೆ ಮಾಡಿದ್ದೆ. ಬೇಕಾದ ದಿನ ತೆಗೆದು ನೋಡಿದರೆ ಸೊನ್ನೆ ಬೈಟಿನ ಫೈಲುಗಳು, ಸಾಲಾಗಿ. ಯಾವತ್ತೋ ಪಾಸ್‌ವರ್ಡ್ ಬದಲಾಗಿತ್ತು, ಬ್ಯಾಕಪ್ಪಿಗೆ ಯಾರೂ ಹೇಳಿರಲಿಲ್ಲ. ಈಗ ತಿಂಗಳಿಗೊಮ್ಮೆ ಬೇರೆ ಮೆಷಿನ್ನಿಗೆ ಇಳಿಸಿ, ತೆರೆದು ನೋಡ್ತೀನಿ.

ಇನ್ನೊಬ್ಬ ಸದಸ್ಯರು (ಬೊಮ್ಮಸಂದ್ರ):
ಗೂಗಲ್ ಶೀಟಲ್ಲೇ ಆಗೋ ಕೆಲಸಕ್ಕೆ ಇಷ್ಟೆಲ್ಲ ಯಾಕೆ ಮೇಡಂ? ಇನ್ನೊಂದು, ನಮಗೆ ಅರ್ಧ ಮಾಲು ಹೊಸೂರಿಂದ ಬರುತ್ತೆ. ಟ್ಯಾಕ್ಸ್ ಪ್ರತಿ ಸಲ ತಪ್ಪು ಹಾಕ್ತಾರೆ.

ಉತ್ತರ:
ಒಬ್ಬರೇ ಬರೆಯೋವರೆಗೂ ಶೀಟ್ ಚೆನ್ನಾಗೇ ನಡೆಯುತ್ತೆ ಸರ್. ಸ್ಟೋರ್ಸು, ಗೇಟು, ಅಕೌಂಟ್ಸು ಮೂವರೂ ಬರೆಯೋಕೆ ಕೂತರೆ ಯಾರು ಯಾವ ಸಾಲು ಅಳಿಸಿದರು ಅಂತ ಹುಡುಕೋದೇ ಕೆಲಸ.

ಹೊಸೂರಿನದು ಸುಲಭ. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕ 29, ತಮಿಳುನಾಡು 33. ಅಲ್ಲಿಂದ ನಿಮ್ಮ ಗೇಟಿಗೆ ಬರೋ ಮಾಲಿಗೆ ಐಜಿಎಸ್‌ಟಿ (ಅಂತರರಾಜ್ಯ ತೆರಿಗೆ), ಬೊಮ್ಮಸಂದ್ರದೊಳಗಿನದಕ್ಕೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ (ಕೇಂದ್ರದ ಪಾಲು, ರಾಜ್ಯದ ಪಾಲು). ಮನುಷ್ಯರ ಕೈಲಿ ಆರಿಸೋಕೆ ಬಿಡದೆ ಆ ಎರಡಂಕಿ ನೋಡಿ ಆ್ಯಪೇ ತುಂಬಿಕೊಳ್ಳಲಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಮೇಡಂ. ಎರಡು ಅನುಮಾನ. ನಮ್ಮ ಓನರ್ ಲಾಗಿನ್ ಆಗೋ ಪೈಕಿ ಅಲ್ಲ, ಅಪ್ರೂವಲ್ ಹೇಗೆ? ಗೇಟಲ್ಲಿರೋ ಸೆಕ್ಯುರಿಟಿ ಅಣ್ಣನಿಗೆ ಇಂಗ್ಲಿಷ್ ಬರಲ್ಲ.

ಉತ್ತರ:
ಓನರಿಗೆ ಒಂದು ಲಿಂಕ್ ಹೋಗಲಿ, ತೆರೆದರೆ ಐಟಂ, ಈಗಿನ ರೇಟು, ಹೋದ ಸಲದ ರೇಟು, ಕೆಳಗೆ ಎರಡು ಬಟನ್. ಆ ಲಿಂಕು ಒಂದೇ ಸಲಕ್ಕೆ ನಡೆಯಬೇಕು. ಒಪ್ಪಿದ ಮೇಲೆ ಯಾರಾದರೂ ರೇಟ್ ತಿದ್ದಿದರೆ ಒಪ್ಪಿಗೆ ತಾನಾಗೇ ಬಿದ್ದುಹೋಗಬೇಕು, ಹಳೇ ಪ್ರತಿ ಹಾಗೇ ಉಳಿಯಬೇಕು.

ಗೇಟಿನ ಪೇಜು ಪೂರ್ತಿ ಕನ್ನಡದಲ್ಲಿ ಮಾಡಿಸಿ. ಪಿಓ ನಂಬರು, ಗಾಡಿ ನಂಬರು, ಚಲನ್ನಿನ ಫೋಟೋ, ಅಷ್ಟೇ ಸಾಕು. ಆದರೆ ಆ ಎಂಟ್ರಿ ಅದೇ ದಿನ ಬೀಳಲೇಬೇಕು. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಕಿರು, ಸಣ್ಣ ಉದ್ದಿಮೆಯವರಿಗೆ ಹೆಚ್ಚು ದಿನ ಅಂತ ಮಾತಾಡಿಕೊಂಡಿದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು, ಆ ಎಣಿಕೆ ಬಿಲ್ಲಿನ ದಿನದಿಂದಲ್ಲ, ಮಾಲು ಒಪ್ಪಿಕೊಂಡ ದಿನದಿಂದ.

ಶುರು ಮಾಡುವಾಗ ಇನ್ಸರ್ಟು (ಕತ್ತರಿಸೋ ಟೂಲಿನ ತುದಿ), ಕೂಲೆಂಟ್ (ತಂಪಿಡೋ ದ್ರವ) ತರದ ಸಣ್ಣಪುಟ್ಟ ಮಾಲಿನಿಂದ ಮಾಡಿ, ಕಬ್ಬಿಣ ಎರಡನೇ ತಿಂಗಳಿಗೆ. ಹಳೇ ಎಕ್ಸೆಲ್ ಎಲ್ಲ ತುಂಬೋಕೆ ಹೋಗಬೇಡಿ, ಬಾಕಿ ಇರೋ ಪಿಓ ಮಾತ್ರ ಹಾಕಿ. ಕೋಡ್ ಬರೆಯೋ ಮುಂಚೆ ಹುಡುಗನನ್ನು ಎರಡು ದಿನ ಗೇಟಲ್ಲಿ, ಎರಡು ದಿನ ಸ್ಟೋರ್ಸಲ್ಲಿ ಕೂರಿಸಿ. ಇನ್‌ವರ್ಡ್ ರಿಜಿಸ್ಟರ್ (ಒಳಗೆ ಬಂದ ಮಾಲು ಬರೆಯೋ ಪುಸ್ತಕ) ಓದಲಿ.

ಪ್ರಶ್ನೆ ಕೇಳಿದವರು:
ಈಗಲೇ ರಿಜಿಸ್ಟರ್ ತೆಗೆದು ನೋಡಿದೆ ಮೇಡಂ. ಎಂಟು ಕಾಲಂ ಇದೆ, ಆರು ಖಾಲಿ. ಕೊನೇದು 'ಇತರೆ' ಅಂತ, ಎಲ್ಲಾ ಅದರಲ್ಲೇ ಬರೆದಿದಾರೆ. 'ಸಂಜೆ ವಾಪಸ್ ಒಯ್ತಾರೆ', 'ಬಿಲ್ ನಾಳೆ', 'ಸಾಹೇಬ್ರು ಫೋನಲ್ಲಿ ಹೇಳಿದ್ರು'.

ಉತ್ತರ:
ಆ ಕಾಲಂನ ಫೋಟೋ ಹೊಡೆದು ಹುಡುಗನಿಗೆ ಇವತ್ತೇ ಕಳಿಸಿ. ಕೋಡ್ ಅದನ್ನು ನೋಡಿ ಬರೀಲಿ.