ಸಿಮ್ಯುಲೇಟರ್‌ನಲ್ಲಿ ಬಲಗೈ ಉಪಕರಣ ಜಿಗಿಯುತ್ತಿದೆ, ದಯವಿಟ್ಟು ಸಹಾಯ ಮಾಡಿ

ಹಾಸನದ_ಪಿಜಿ:
ಮೂರು ರಾತ್ರಿಯಿಂದ ತಲೆ ಕೆಟ್ಟುಹೋಗಿದೆ. ತಲೆಗೆ ವಿಆರ್ (ಕಂಪ್ಯೂಟರ್ ಕಟ್ಟಿಕೊಡುವ ದೃಶ್ಯ) ಹೆಡ್‌ಸೆಟ್ ಕಟ್ಟಿ, ಕೈಯಲ್ಲಿ ಕಂಟ್ರೋಲರ್ ಹಿಡಿದು ಮಾಡುವ ಲ್ಯಾಪರೊಸ್ಕೋಪಿ (ಸಣ್ಣ ರಂಧ್ರದ ಮೂಲಕ ಮಾಡುವ ಆಪರೇಷನ್) ಅಭ್ಯಾಸದಲ್ಲಿ ಪಿತ್ತಕೋಶದ ನಾಳಕ್ಕೆ ಕ್ಲಿಪ್ ಹಾಕಲು ಹೋದ ಕ್ಷಣವೇ ಬಲಗೈ ಉಪಕರಣ ನಾಲ್ಕು ಬೆರಳಿನಷ್ಟು ಪಕ್ಕಕ್ಕೆ ಜಿಗಿದು ಲಿವರ್ ಚುಚ್ಚುತ್ತದೆ. ನನ್ನ ಕೈ ಅಲುಗಿರುವುದಿಲ್ಲ. ಬ್ಯಾಟರಿ ಬದಲಿಸಿದೆ, ಎರಡು ಸಲ ರೀಸೆಟ್ ಮಾಡಿದೆ. ಬೆಳಿಗ್ಗೆ ಸರಿಯಾಗಿರುತ್ತದೆ, ಸಂಜೆಯಾದರೆ ಕಾಟ. ಮುಂದಿನ ವಾರ ಆಪರೇಷನ್‌ಗೆ ಸಹಾಯಕನಾಗಿ ನಿಲ್ಲಬೇಕು, ಅಷ್ಟರೊಳಗೆ ಕೈ ಪಳಗಬೇಕು.

ಗಿರಿತಪ್ಪಲು:
ರೂಟರ್‌ನದೇ ತೊಂದರೆ. ಸಂಜೆ ಬೀದಿಯವರೆಲ್ಲ ಒಟ್ಟಿಗೇ ವಿಡಿಯೊ ನೋಡುತ್ತಾರೆ. ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ.

ಹಾಸನದ_ಪಿಜಿ:
ಬದಲಿಸಿದೆ. ಹಾಗೆಯೇ ಇದೆ.

ಗಿರಿತಪ್ಪಲು:
ಹಾಗಾದರೆ ಚಾನೆಲ್ ಬದಲಿಸಿ. ಚಿಕ್ಕಮಗಳೂರಿನಲ್ಲಿ ನನ್ನದು ತೋಟದ ಮನೆ, ದಪ್ಪ ಕಲ್ಲಿನ ಗೋಡೆ. ಪ್ರತ್ಯೇಕ ರೂಟರ್, ಎರಡು ಗಂಟೆ ತಾಳುವ ಯುಪಿಎಸ್, ಕಾಲಲ್ಲಿ ಒತ್ತುವ ಪೆಡಲ್ ಎಲ್ಲ ಜೋಡಿಸಿದ್ದೇನೆ. ಒಂದು ದಿನವೂ ಕೈಕೊಟ್ಟಿಲ್ಲ.

ಹೊಲಿಗೆ_ಹಳಬ:
ಇದೆಲ್ಲ ಬಿಟ್ಟು ಬಾಕ್ಸ್ ಟ್ರೈನರ್ (ನಿಜವಾದ ಉಪಕರಣ ತೂರಿಸಿ ಅಭ್ಯಾಸ ಮಾಡುವ ಪೆಟ್ಟಿಗೆ) ಮುಂದೆ ನಿಲ್ಲಿ. ಅಂಗಾಂಶ ಎಳೆದಾಗ ಕೈಗೆ ತಿಳಿಯುವ ಬಿಗಿ ಕಂಟ್ರೋಲರ್‌ನಲ್ಲಿ ಎಲ್ಲಿದೆ?

ಗಿರಿತಪ್ಪಲು:
2002ರ ಯೇಲ್ ವಿಶ್ವವಿದ್ಯಾಲಯದ ಪ್ರಯೋಗ ನೋಡಿ ಸರ್. ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ 16 ರೆಸಿಡೆಂಟ್ ವೈದ್ಯರಲ್ಲಿ ವಿಆರ್‌ನಲ್ಲಿ ಪಳಗಿದವರು ಪಿತ್ತಕೋಶವನ್ನು ಶೇ 29ರಷ್ಟು ಬೇಗ ಬಿಡಿಸಿದರು.

ಹೊಲಿಗೆ_ಹಳಬ:
ಅದು ತಲೆಗೆ ಕಟ್ಟುವ ಹೆಡ್‌ಸೆಟ್ ಅಲ್ಲ. ಪರದೆಯ ಮುಂದೆ ಉಪಕರಣದ ಹಿಡಿಕೆಗಳಿದ್ದ ಮಿಸ್ಟ್-ವಿಆರ್. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಗಿರಿತಪ್ಪಲು:
ನೀವು ಹೇಳುವ ಬಿಗಿ ಅದರಲ್ಲಿಯೂ ಇರಲಿಲ್ಲ. ಆದರೂ ಕೈ ಪಳಗಿತಲ್ಲ!

ಯಗಚಿ_ದಂಡೆ:
ಯಾವ ಹೆಡ್‌ಸೆಟ್ ಎಂದು ಯಾರೂ ಕೇಳಲೇ ಇಲ್ಲ. ಕ್ವೆಸ್ಟ್ 2 ಆಗಿದ್ದರೆ, ಕಂಟ್ರೋಲರ್‌ನ ಬಳೆಯೊಳಗೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪಗಳಿವೆ. ಹೆಡ್‌ಸೆಟ್‌ನ ನಾಲ್ಕು ಕ್ಯಾಮೆರಾಗಳು ಆ ಚುಕ್ಕಿಗಳನ್ನು ನೋಡಿಯೇ ಕೈ ಎಲ್ಲಿದೆ ಎಂದು ತಿಳಿಯುತ್ತವೆ. ಬೇರೆ ಪುಟ್ಟ ದೀಪಗಳ ಸಾಲು ಕಂಡರೆ ದಾರಿ ತಪ್ಪುತ್ತವೆ. ಹಾಸನಾಂಬೆಯ ಬಾಗಿಲು ಗುರುವಾರ ತೆರೆದಿದೆ, ನಿಮ್ಮ ಕಾಟವೂ ಅಂದಿನಿಂದಲೇ. ಮನೆಗೆ ಸೀರಿಯಲ್ ಸೆಟ್ ಹಾಕಿದ್ದಾರೆಯೇ?

ಹಾಸನದ_ಪಿಜಿ:
ಕ್ವೆಸ್ಟ್ 2 ಮೇಡಂ. ಮನೆಯೊಡತಿ ಗುರುವಾರವೇ ನನ್ನ ಕಿಟಕಿಗೆ ಸೀರಿಯಲ್ ಸೆಟ್ ಇಳಿಬಿಟ್ಟಿದ್ದಾರೆ. ಎದುರಿಗೆ ಬೀರುವಿನ ಕನ್ನಡಿ, ಅದರೊಳಗೂ ಅಷ್ಟೇ ದೀಪ. ದೇವಿಯ ದರ್ಶನ ಮುಗಿಯುವ ತನಕ ಆರಿಸಿ ಎನ್ನಲು ನನಗೆ ಮನಸ್ಸಿಲ್ಲ. ಕಿಟಕಿಗೆ ಕಂಬಳಿ ಕಟ್ಟಿದೆ, ಕನ್ನಡಿಗೆ ಪಂಚೆ ಹೊದಿಸಿದೆ. ಈಗಷ್ಟೇ ಆರು ಕ್ಲಿಪ್ ಹಾಕಿದೆ, ಒಂದೂ ಜಾರಲಿಲ್ಲ. ನಿಮ್ಮ ಉಪಕಾರ ಮರೆಯುವುದಿಲ್ಲ.

ಗಿರಿತಪ್ಪಲು:
ಸಂತೋಷ. ಆದರೂ ಚಾನೆಲ್ ಒಮ್ಮೆ ನೋಡಿಕೊಳ್ಳಿ.

ಹೊಲಿಗೆ_ಹಳಬ:
ಗಿರಿತಪ್ಪಲು ಅವರೇ, ಆ ಪೆಡಲ್ ಎಲ್ಲಿ ಸಿಕ್ಕಿತು?