ಸಹಾಯ ಬೇಕು: ಹಳೆಯ ಮನೆಯ ಅಡುಗೆಮನೆಗೆ ವೈಫೈ ತಲುಪುತ್ತಿಲ್ಲ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ತೊಟ್ಟಿ ಮನೆಯಲ್ಲಿ ಫೈಬರ್ ಸಂಪರ್ಕದ ರೂಟರ್ ಜಗುಲಿಯಲ್ಲಿದ್ದು, ಅಲ್ಲಿಂದ ಅಡುಗೆಮನೆಗೆ ನಡುವೆ ದಪ್ಪನೆಯ ಜಂಬಿಟ್ಟಿಗೆ ಗೋಡೆಗಳು ಅಡ್ಡ ಬರುವುದರಿಂದ, ಅಲ್ಲಿರುವ ಸ್ಮಾರ್ಟ್ ಸ್ಪೀಕರ್ ಅಮ್ಮ ಕೇಳಿದ ಹಾಡನ್ನು ಅರ್ಧಕ್ಕೇ ನಿಲ್ಲಿಸಿ ಇಂಟರ್ನೆಟ್ ಇಲ್ಲವೆನ್ನುತ್ತದೆ.

ವೈಫೈನ ಎರಡು ಆವರ್ತನಗಳ ಪೈಕಿ, ಗೋಡೆ ದಾಟುವುದರಲ್ಲಿ 5 ಗಿಗಾಹರ್ಟ್ಸ್‌ಗಿಂತ 2.4 ಗಿಗಾಹರ್ಟ್ಸ್ ಮೇಲಾದ್ದರಿಂದ ಸ್ಪೀಕರನ್ನು ಅದಕ್ಕೇ ಜೋಡಿಸಿದ್ದೇನೆ. ರೂಟರನ್ನು ಕಬ್ಬಿಣದ ಬೀರುವಿನ ಪಕ್ಕದಿಂದ ತೆಗೆದು ಎತ್ತರದ ಹಲಗೆಯ ಮೇಲಿಟ್ಟ ನಂತರ ನಡುಮನೆಯಲ್ಲಿ ಸಿಗ್ನಲ್ ಸುಧಾರಿಸಿತಾದರೂ ಅಡುಗೆಮನೆಯಲ್ಲಿ ಮೊದಲಿನಂತೆಯೇ ಇದೆ. ಹಾಡಿಗೆ ಹೆಚ್ಚಿನ ವೇಗವೇನೂ ಬೇಕಿಲ್ಲ, ಸಂಪರ್ಕ ಕಡಿಯದಿದ್ದರೆ ಸಾಕು.

ಅಂಗಡಿಯವರು ರಿಪೀಟರ್ (ವೈಫೈ ಸಿಗ್ನಲ್ ಪಡೆದು ಮುಂದಕ್ಕೆ ಹಂಚುವ ಸಾಧನ) ಸಾಕೆನ್ನುತ್ತಾರೆ. ಆದರೆ ಅದು ಒಂದೇ ರೇಡಿಯೋದಲ್ಲಿ ಪಡೆದು ಮರಳಿ ಕಳುಹಿಸುವಂಥದ್ದಾದರೆ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಸಿಗ್ನಲ್ಲೇ ಇಲ್ಲದ ಕಡೆ ಇಟ್ಟರೆ ಅದೂ ಏನನ್ನು ಹಂಚೀತು? ಆದ್ದರಿಂದ ಅಟ್ಟದ ಮೇಲಿನಿಂದ ಕ್ಯಾಟ್ 6 ಎಂಬ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆದು, ಅಡುಗೆಮನೆಯಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಇರುವ ಆಕ್ಸೆಸ್ ಪಾಯಿಂಟ್ (ಕೇಬಲ್‌ನಲ್ಲಿ ಬಂದ ಇಂಟರ್ನೆಟ್ಟನ್ನು ವೈಫೈ ಆಗಿ ಹರಡುವ ಸಾಧನ) ಇಡುವುದೇ ಸರಿಯೆಂದು ನನಗನ್ನಿಸುತ್ತದೆ. ಇಂಥ ಕೇಬಲ್ 100 ಮೀಟರ್‌ವರೆಗೂ ನಡೆಯುವುದರಿಂದ ಉದ್ದದ ಚಿಂತೆಯಿಲ್ಲ. ಚಿಂತೆಯಿರುವುದು ಅಟ್ಟದ ಇಲಿಗಳದ್ದು, ಸಿಡಿಲಿನದ್ದು.

ಮಲೆನಾಡಿನ ಹಳೆಯ ಮನೆಗಳಲ್ಲಿ ಹೀಗೆ ಕೇಬಲ್ ಎಳೆಸಿದವರು, ಪಿವಿಸಿ ಪೈಪಿನೊಳಗೆ ಹಾಕಿದರೆ ಸಾಕೇ, ಸಿಡಿಲಿನ ಭಯಕ್ಕೆ ತಾಮ್ರದ ಬದಲು ಒಳಗೂ ಫೈಬರನ್ನೇ ಎಳೆಸುವುದು ಒಳಿತೇ ಎಂಬುದನ್ನು ದಯವಿಟ್ಟು ತಿಳಿಸಿ.