ಹೂಡಿಕೆ ಸಂಸ್ಥೆಯ ದತ್ತಾಂಶವನ್ನು ಯಾರ ಕೈಗೆ ಒಪ್ಪಿಸಬೇಕು?

ಪ್ರಶ್ನೆ:

ನಮಸ್ಕಾರ. ನಾನು ಬೆಂಗಳೂರಿನ ಒಂದು ಪಿಎಂಎಸ್ (ಗ್ರಾಹಕರ ಪರವಾಗಿ ಹೂಡಿಕೆ ನಿರ್ವಹಿಸುವ) ಸಂಸ್ಥೆಯಲ್ಲಿ ಆಪರೇಷನ್ಸ್ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ನಮ್ಮಲ್ಲಿ ಸುಮಾರು ಇನ್ನೂರು ಗ್ರಾಹಕರು, ಗ್ರಾಹಕರ ಷೇರುಗಳನ್ನು ಕಾಪಿಡುವ ಇಬ್ಬರು ಕಸ್ಟೋಡಿಯನ್‌ಗಳು, ಜೊತೆಗೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಬಂದಿರುವ ಎಕ್ಸೆಲ್ ಹಾಳೆಗಳು ಇವೆ. ಷೇರುಗಳ ವಿವರ, ಬೆಲೆ, ಹಿಡುವಳಿ, ಕಾರ್ಪೊರೇಟ್ ಆಕ್ಷನ್ (ವಿಲೀನ, ಬೋನಸ್‌ನಂಥ ಕಂಪನಿಯ ಕ್ರಮಗಳು) ಇವೆಲ್ಲವನ್ನೂ ಒಂದೇ ಕಡೆ ತರಲು ಹೊರಗಿನ ಕಂಪನಿಯೊಂದನ್ನು ನೇಮಿಸಿಕೊಳ್ಳಬೇಕೆಂದು ತೀರ್ಮಾನವಾಗಿದೆ. ಮೂರು ಕಂಪನಿಗಳು ಡೆಮೊ ತೋರಿಸಿ ಕೊಟೇಶನ್ ಕೊಟ್ಟಿವೆ. ಮೂರೂ ಡೆಮೊಗಳು ನೋಡಲು ಒಂದೇ ರೀತಿ ಇವೆ, ದರ ಮಾತ್ರ ಬೇರೆ ಬೇರೆ. ನಮ್ಮ ನಿರ್ದೇಶಕರು ಕಡಿಮೆ ದರದವರ ಕಡೆಗೆ ವಾಲಿದ್ದಾರೆ. ಯಾವ ಆಧಾರದ ಮೇಲೆ ಆರಿಸಬೇಕೆಂದು ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಉತ್ತರ:

ನಮಸ್ಕಾರ ಸರ್. ಡೆಮೊಗೆ ಅವರು ತರುವುದು ಅವರದೇ ದತ್ತಾಂಶ, ಅದರಲ್ಲಿ ತಪ್ಪಿರುವುದಿಲ್ಲ. ಆದ್ದರಿಂದ ಮೂರೂ ಒಂದೇ ರೀತಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ನಿಮ್ಮ ಸಂಸ್ಥೆಯನ್ನು ಹಿಂದೆ ಸತಾಯಿಸಿದ ಹತ್ತು ಹನ್ನೆರಡು ವ್ಯವಹಾರಗಳನ್ನು ಹುಡುಕಿ, ಗ್ರಾಹಕರ ಹೆಸರು ಮತ್ತು ಪ್ಯಾನ್ ಸಂಖ್ಯೆಗಳನ್ನು ಅಳಿಸಿ, ಅದೇ ಕಡತವನ್ನು ಮೂವರಿಗೂ ಕೊಟ್ಟು ಲೆಕ್ಕ ಹಾಕಿಸಿ. ಅದರ ಉತ್ತರ ಏನಾಗಬೇಕೆಂಬುದು ನಿಮಗೆ ಮೊದಲೇ ಗೊತ್ತಿರುತ್ತದೆ. ಆರಿಸುವ ಕೆಲಸದ ಮುಕ್ಕಾಲು ಪಾಲು ಅಲ್ಲಿಗೇ ಮುಗಿಯುತ್ತದೆ ಎಂಬುದು ನನ್ನ ಅನುಭವ.

ಒಂದು ಉದಾಹರಣೆ ಹೇಳುತ್ತೇನೆ. 2023ರ ಜುಲೈ 20 ರಿಲಯನ್ಸ್‌ನಿಂದ ಜಿಯೋ ಫೈನಾನ್ಷಿಯಲ್ ಬೇರ್ಪಟ್ಟಾಗಿನ ದಾಖಲೆ ದಿನಾಂಕ, ಅಂದರೆ ಹೊಸ ಷೇರು ಯಾರಿಗೆ ಸಲ್ಲುತ್ತದೆ ಎಂದು ನಿರ್ಧರಿಸುವ ದಿನ. ಒಂದು ಷೇರಿಗೆ ಒಂದು ಷೇರು ಬಂದಿತು. ಮೂಲ ಖರೀದಿ ವೆಚ್ಚದಲ್ಲಿ ಶೇ. 95.32 ರಿಲಯನ್ಸ್‌ಗೆ, ಶೇ. 4.68 ಜಿಯೋ ಫೈನಾನ್ಷಿಯಲ್‌ಗೆ ಎಂದು ಕಂಪನಿಯೇ ತಿಳಿಸಿತು. ಎರಡು ಲಕ್ಷ ರೂಪಾಯಿಗೆ ನೂರು ರಿಲಯನ್ಸ್ ಷೇರು ಕೊಂಡಿದ್ದ ಗ್ರಾಹಕರ ಖಾತೆಯಲ್ಲಿ ಈಗ ರಿಲಯನ್ಸ್‌ನ ವೆಚ್ಚ 1,90,640 ರೂಪಾಯಿ, ಜಿಯೋ ಫೈನಾನ್ಷಿಯಲ್‌ನ ವೆಚ್ಚ 9,360 ರೂಪಾಯಿ ಎಂದು ಕಾಣಬೇಕು. ನಾನು ಆಗ ಕೆಲಸ ಮಾಡುತ್ತಿದ್ದ ಕಡೆ ಹೊಸ ಷೇರುಗಳು ಸೊನ್ನೆ ವೆಚ್ಚದಲ್ಲಿ, ಅದೂ ಖಾತೆಗೆ ಜಮೆಯಾದ ದಿನವೇ ಕೊಂಡವು ಎಂಬಂತೆ ದಾಖಲಾಗಿದ್ದವು. ವೆಚ್ಚದ ತಪ್ಪು ಬೇಗ ಕಣ್ಣಿಗೆ ಬಿತ್ತು, ದಿನಾಂಕದ್ದು ಬೀಳಲಿಲ್ಲ. ಹೀಗೆ ಕಂಪನಿ ಬೇರ್ಪಟ್ಟಾಗ ಬಂದ ಷೇರಿಗೆ ಮೂಲ ಷೇರನ್ನು ಕೊಂಡ ದಿನದಿಂದಲೇ ಅವಧಿಯನ್ನು ಎಣಿಸಬೇಕು. ನಮ್ಮ ವರದಿ ಮಾತ್ರ ನಾಲ್ಕು ವರ್ಷದ ಹಿಡುವಳಿಯನ್ನು ಅಲ್ಪಾವಧಿ ಲಾಭವೆಂದು ತೋರಿಸಿತ್ತು. ಒಬ್ಬ ಗ್ರಾಹಕರ ಲೆಕ್ಕಪರಿಶೋಧಕರು ಅದನ್ನು ಹಿಡಿದು, ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಕಳುಹಿಸಿದರು. ಪಿಎಂಎಸ್‌ಗೆ ಕನಿಷ್ಠ 50 ಲಕ್ಷ ರೂಪಾಯಿ ಹಾಕುವವರು ವರದಿಯನ್ನು ಓದದೆ ಬಿಡುವುದಿಲ್ಲ; ಅವರು ಓದದಿದ್ದರೂ ಅವರ ಲೆಕ್ಕಪರಿಶೋಧಕರು ಓದುತ್ತಾರೆ.

ಎಚ್‌ಡಿಎಫ್‌ಸಿ ತನ್ನದೇ ಬ್ಯಾಂಕಿನೊಂದಿಗೆ ವಿಲೀನವಾದದ್ದನ್ನೂ ಆ ಕಡತದಲ್ಲಿ ಸೇರಿಸಿ. 25 ಎಚ್‌ಡಿಎಫ್‌ಸಿ ಷೇರಿಗೆ 42 ಬ್ಯಾಂಕ್ ಷೇರು ಎಂಬುದು ಅನುಪಾತ. ನೂರು ಷೇರಿದ್ದವರಿಗೆ ಸರಿಯಾಗಿ 168 ಬರುತ್ತದೆ, 110 ಇದ್ದವರಿಗೆ 184.8. ಆ 0.8 ಷೇರಿನ ಬದಲಿಗೆ ಬರುವ ಹಣ ಎಲ್ಲಿ ಜಮೆಯಾಗುತ್ತದೆ, ಅದರ ವೆಚ್ಚ ಎಲ್ಲಿ ಕಳೆಯುತ್ತದೆ ಎಂಬುದನ್ನು ತೋರಿಸಲು ಹೇಳಿ. ಅದೇ ಬ್ಯಾಂಕಿನ ಷೇರಿನ ಮುಖಬೆಲೆ 2019ರಲ್ಲಿ ಎರಡು ರೂಪಾಯಿಯಿಂದ ಒಂದಕ್ಕೆ ಇಳಿದಾಗ ಆ ಷೇರನ್ನು ಗುರುತಿಸುವ ಐಎಸ್‌ಐಎನ್ ಸಂಖ್ಯೆಯೂ ಬದಲಾಯಿತು. ಹಳೆಯ ಸಂಖ್ಯೆಯನ್ನೂ ಹೊಸದನ್ನೂ ಒಂದೇ ಷೇರೆಂದು ಗುರುತಿಸದ ವ್ಯವಸ್ಥೆ ನಿಮ್ಮ ಗ್ರಾಹಕರ ಇತಿಹಾಸವನ್ನು ಅಲ್ಲಿಗೇ ತುಂಡರಿಸುತ್ತದೆ.

ಮರುಪ್ರಶ್ನೆ:

ಬಹಳ ಉಪಕಾರವಾಯಿತು ಮೇಡಂ. ಮೂವರಲ್ಲಿ ಒಬ್ಬರು ವಿದೇಶಿ ಕಂಪನಿಯವರು. ಅವರ ಸರ್ವರ್ ಹೊರದೇಶದಲ್ಲಿದೆ, ಆದರೆ ಬೇಕಿದ್ದರೆ ಭಾರತದಲ್ಲಿಯೂ ಇಡುತ್ತೇವೆ ಎನ್ನುತ್ತಾರೆ. ಇದರಿಂದ ತೊಂದರೆ ಇದೆಯೇ? ಏನಾದರೂ ತಪ್ಪಾದರೆ ಹೊಣೆ ಅವರದೇ ಎಂದು ಒಪ್ಪಂದದಲ್ಲಿ ಬರೆಸಿಕೊಂಡರೆ ಸಾಕಲ್ಲವೇ?

ಉತ್ತರ:

ಸಾಲದು ಸರ್. ಅವರಿಂದ ನಷ್ಟ ವಸೂಲಿ ಮಾಡಲು ಆ ಷರತ್ತು ಬೇಕು, ಆದರೆ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ಮುಂದೆ ಅದು ನಡೆಯುವುದಿಲ್ಲ. ಹೊರಗುತ್ತಿಗೆಯ ಬಗ್ಗೆ ಸೆಬಿ 2011ರ ಡಿಸೆಂಬರ್‌ನಲ್ಲಿಯೇ ಸುತ್ತೋಲೆ ಹೊರಡಿಸಿದೆ. ಕೆಲಸವನ್ನು ಹೊರಗೆ ಕೊಡಬಹುದು, ಹೊಣೆಯನ್ನು ಕೊಡಲಾಗದು ಎಂಬುದು ಅದರ ತಿರುಳು. ಕ್ಲೌಡ್ ಸೇವೆಗಳ ಕುರಿತು 2023ರ ಮಾರ್ಚ್‌ನಲ್ಲಿ ಬಂದ ಚೌಕಟ್ಟಿನ ಪ್ರಕಾರ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯದ ಪಟ್ಟಿಯಲ್ಲಿರುವ ಕ್ಲೌಡ್ ಕಂಪನಿಯನ್ನೇ ಬಳಸಬೇಕು ಮತ್ತು ದತ್ತಾಂಶ ದೇಶದೊಳಗೆ ಇರಬೇಕು. ‘ಬೇಕಿದ್ದರೆ ಇಡುತ್ತೇವೆ’ ಎಂಬ ಮಾತಿಗೆ ಬದಲಾಗಿ ಬ್ಯಾಕಪ್ ಸಹಿತ ಯಾವ ನಗರದ ಡೇಟಾ ಸೆಂಟರ್‌ನಲ್ಲಿ ಇಡುತ್ತಾರೆ ಎಂದು ಲಿಖಿತವಾಗಿ ಕೇಳಿ. 2024ರ ಆಗಸ್ಟ್‌ನಲ್ಲಿ ಬಂದ ಸೈಬರ್ ಸುರಕ್ಷತಾ ಚೌಕಟ್ಟಿನಲ್ಲಿ ನಿಮ್ಮ ಸಂಸ್ಥೆ ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ನಿಯಮಪಾಲನೆ ನೋಡಿಕೊಳ್ಳುವ ನಿಮ್ಮ ಕಂಪ್ಲಯನ್ಸ್ ಅಧಿಕಾರಿಯಿಂದ ಮೊದಲು ಖಚಿತಪಡಿಸಿಕೊಂಡರೆ ಈ ಮಾತುಕತೆ ಸುಲಭವಾಗುತ್ತದೆ.

ಸರ್ವರ್ ಎಲ್ಲಿದೆ ಎಂಬುದಕ್ಕಿಂತ ಹೆಚ್ಚಾಗಿ ನನಗೆ ಚಿಂತೆ ಹುಟ್ಟಿಸುವುದು ಫೋನ್ ಎತ್ತುವವರು ಎಲ್ಲಿದ್ದಾರೆ ಎಂಬುದು. 2023ರ ಜನವರಿ 27ರಿಂದ ನಮ್ಮಲ್ಲಿ ಎಲ್ಲ ಷೇರುಗಳ ವಹಿವಾಟು ಮರು ಕೆಲಸದ ದಿನವೇ ಇತ್ಯರ್ಥವಾಗುತ್ತಿದೆ, ಅಂದರೆ ಹಣ ಮತ್ತು ಷೇರು ಕೈಬದಲಾಗುತ್ತಿವೆ. ಕಸ್ಟೋಡಿಯನ್ ಕಡತಕ್ಕೂ ನಿಮ್ಮ ಲೆಕ್ಕಕ್ಕೂ ತಾಳೆಯಾಗಿಲ್ಲವೆಂದು ಬೆಳಿಗ್ಗೆ ಎಂಟಕ್ಕೆ ಗೊತ್ತಾದರೆ, 9.15ಕ್ಕೆ ಮಾರುಕಟ್ಟೆ ತೆರೆಯುವುದರೊಳಗೆ ಉತ್ತರ ಬೇಕು. ಲಂಡನ್ನಿನಲ್ಲಿ ಆಗ ಇನ್ನೂ ಬೆಳಗಿನ ಜಾವ.

ಇನ್ನೊಬ್ಬ ಸದಸ್ಯರು:

ನಡುವೆ ಬಂದದ್ದಕ್ಕೆ ಕ್ಷಮಿಸಿ. ಕೊಟೇಶನ್‌ನಲ್ಲಿ ಷೇರು ಬೆಲೆ ಮತ್ತು ಸೂಚ್ಯಂಕಗಳ ದತ್ತಾಂಶ ಬಳಸಲು ಕಟ್ಟಬೇಕಾದ ಪರವಾನಗಿ ಶುಲ್ಕ ಸೇರಿದೆಯೇ ಎಂದು ನೋಡಿಕೊಳ್ಳಿ. ನಮಗೆ ಕಡಿಮೆ ಎನಿಸಿದ ದರ, ಆ ಶುಲ್ಕವನ್ನು ಪ್ರತ್ಯೇಕವಾಗಿ ಕಟ್ಟಬೇಕೆಂದು ತಿಳಿದ ಮೇಲೆ ಕಡಿಮೆಯಾಗಿ ಉಳಿಯಲಿಲ್ಲ.

ಉತ್ತರ:

ಸರಿಯಾಗಿ ನೆನಪಿಸಿದಿರಿ. ಅದಕ್ಕೆ ಅಂಟಿಕೊಂಡ ಇನ್ನೊಂದು ವಿಷಯವಿದೆ. ಒಪ್ಪಂದ ಮುಗಿದ ಮೇಲೆ ಅವರ ಮೂಲಕ ಬಂದ ಬೆಲೆಗಳನ್ನು ಅಳಿಸಬೇಕೆಂಬ ಷರತ್ತು ಕೆಲವು ಪರವಾನಗಿಗಳಲ್ಲಿ ಇರುತ್ತದೆ. ಅಳಿಸಿದರೆ ಹಳೆಯ ತಿಂಗಳುಗಳ ಪ್ರತಿಫಲದ ಲೆಕ್ಕಕ್ಕೆ ಆಧಾರವೇ ಇಲ್ಲದಂತಾಗುತ್ತದೆ, ತಪಾಸಣೆಗೆ ಬಂದವರಿಗೆ ತೋರಿಸಲು ಏನೂ ಉಳಿಯುವುದಿಲ್ಲ. ಗ್ರಾಹಕರಿಗೆ ಈಗಾಗಲೇ ಕಳುಹಿಸಿದ ವರದಿಗಳ ಹಿಂದಿನ ಬೆಲೆಗಳನ್ನು ದಾಖಲೆಗಾಗಿ ಇಟ್ಟುಕೊಳ್ಳುವ ಹಕ್ಕನ್ನು ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ.

ಸರ್, ನಿಮ್ಮ ನಿರ್ದೇಶಕರಿಗೆ ಒಂದು ಮಾತು ತಿಳಿಸಿ: ಕಡಿಮೆ ದರದವರು ಪರೀಕ್ಷಾ ಕಡತದಲ್ಲಿ ಗೆದ್ದರೆ ಅವರನ್ನೇ ತೆಗೆದುಕೊಳ್ಳಲು ನನ್ನ ಅಡ್ಡಿಯಿಲ್ಲ. ಆದರೆ ತಪ್ಪು ಉತ್ತರ ಕೊಟ್ಟವರನ್ನೂ ಅಲ್ಲಿಗೇ ಕೈಬಿಡಬೇಡಿ. ತಪ್ಪು ಎಲ್ಲಾಯಿತೆಂದು ಕೇಳಿ ಎರಡು ದಿನ ಕಾಯಿರಿ. ಯಾವ ಕಡತದ ಯಾವ ಸಾಲಿನಿಂದ ಆ ಅಂಕಿ ಬಂದಿತೆಂದು ತೋರಿಸಿ ತಿದ್ದಿ ಕಳುಹಿಸುವವರು ಒಂದು ಬಗೆ. ಅಂಕಿಯನ್ನಷ್ಟೇ ತಿದ್ದಿ ಕಳುಹಿಸುವವರು ಇನ್ನೊಂದು ಬಗೆ. ಎರಡನೆಯವರ ದರ ಎಷ್ಟೇ ಕಡಿಮೆಯಿದ್ದರೂ ನಾನು ಸಹಿ ಹಾಕುವುದಿಲ್ಲ.

ಪ್ರಶ್ನೆ ಕೇಳಿದವರು:

ಧನ್ಯವಾದಗಳು ಮೇಡಂ. ಜಿಯೋ ಫೈನಾನ್ಷಿಯಲ್ ವಿಷಯ ಓದಿದ ಕೂಡಲೇ ನಮ್ಮ ಹಾಳೆಯನ್ನು ತೆರೆದು ನೋಡಿದೆ. ಹನ್ನೊಂದು ಖಾತೆಗಳಲ್ಲಿ ವೆಚ್ಚ ಇನ್ನೂ ಸೊನ್ನೆ ಎಂದೇ ಇದೆ. ಪರೀಕ್ಷಾ ಕಡತಕ್ಕೆ ಮೊದಲ ಸಾಲು ಸಿಕ್ಕಂತಾಯಿತು.